ಬೀಗರೊಡನೆ ಲಂಕೆಗೆ, ಸಾವಕಾಶವಾಗಿ

ಪ್ರಪಂಚದಲ್ಲಿ ಯಾರ ಮುಂದೆ ಬೇಕಾದರೂ ಗಡಿಬಿಡಿ ಮಾಡಬಹುದು, ಬೀಗರ ಮುಂದೆ ಮಾಡುವಂತಿಲ್ಲ. ಅದರಲ್ಲೂ ಹೆಣ್ಣು ಕೊಟ್ಟ ಕಡೆಯವನಾದರೆ ಮುಗಿಯಿತು. ಗಂಡಿನ ಕಡೆಯವರು ಕೂತರೆ ಕೂರಬೇಕು, ಎದ್ದರೆ ಏಳಬೇಕು. ಅವರು ಚಹಾ ಬೇಡ ಬೇಡವೆಂದು ಹೇಳಿ ಕಡೆಗೆ ಕುಡಿಯುವವರೆಗೂ ಕಪ್ಪುಬಸಿ ಹಿಡಿದು ನಗುತ್ತ ನಿಂತಿರಬೇಕು. ಇದು ಎಲ್ಲೂ ಬರೆದಿಟ್ಟ ಕಾಯದೆಯಲ್ಲ. ಆದರೆ ನಮ್ಮ ಬೈಲಹೊಂಗಲ, ರಾಮದುರ್ಗದ ಕಡೆ ಬರೆದಿಟ್ಟ ಕಾಯದೆಗಳಿಗಿಂತ ಇದಕ್ಕೆ ಬೆಲೆ ಹೆಚ್ಚು. ಸಮಾಧಾನದ ಮನುಷ್ಯರಿಗೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ಇರುವುದು ನನ್ನಂಥವನಿಗೆ.

ನನ್ನದು ಬೈಲಹೊಂಗಲದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪಿನ ಮೋಟಾರು ತರುವ ರೈತ ಎಂದೂ ನಾಳೆ ಕೊಡಿ ಎಂದು ಕೇಳಿದವನಲ್ಲ. ಬೆಳೆ ಒಣಗುತ್ತಿದೆ, ಕರೆಂಟು ಈಗ ಇದೆ, ಆಮೇಲೆ ಹೋಗುತ್ತದೆ ಎಂದು ನನ್ನ ತಲೆಯ ಮೇಲೆಯೇ ನಿಂತಿರುತ್ತಾನೆ. ಅವರ ಅವಸರ ತಾಮ್ರದ ತಂತಿಯ ಮೂಲಕ ನನ್ನ ಕೈಗೆ ಇಳಿದು, ಕೈಯಿಂದ ಮೈಗೆಲ್ಲ ಹರಡಿ, ಈಗ ಅದು ನನ್ನ ಸ್ವಭಾವವೇ ಆಗಿಬಿಟ್ಟಿದೆ. ಬಸ್ಸು ನಿಲ್ಲುವ ಮೊದಲೇ ಬಾಗಿಲಿನಲ್ಲಿರುತ್ತೇನೆ. ಅಕ್ಷತೆ ಬೀಳುವ ಹೊತ್ತಿಗೆ ಚಪ್ಪಲಿ ಹುಡುಕುತ್ತಿರುತ್ತೇನೆ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ನವಿಲುತೀರ್ಥದ ಅಣೆಕಟ್ಟು ತೋರಿಸಲು ಸ್ಕೂಟರ್ ಮೇಲೆ ಕರೆದೊಯ್ದಿದ್ದೆ. ಸ್ಕೂಟರ್ ಬಂದ್ ಮಾಡದೆಯೇ ಅಣೆಕಟ್ಟು ತೋರಿಸಿ ತಿರುಗಿಸಿಕೊಂಡು ಬಂದೆ ಎಂದು ಅವಳು ಇಂದಿಗೂ ಹೇಳುತ್ತಾಳೆ. ಅದು ಸುಳ್ಳು. ಇಳಿಜಾರಿನಲ್ಲಿ ಪೆಟ್ರೋಲು ಉಳಿಯಲಿ ಎಂದು ಸ್ವಲ್ಪ ದೂರ ಬಂದ್ ಮಾಡಿದ್ದೆ. ಇನ್ನು ಕಿತ್ತೂರು ಕೋಟೆಯ ಮಾತು ಬೇಡ. ಮನೆಗೆ ಇಷ್ಟು ಹತ್ತಿರವಿದ್ದರೂ ನಾನು ಅದರ ಒಂದು ಮಗ್ಗುಲನ್ನು ಮಾತ್ರ ನೋಡಿದ್ದೇನೆ, ಅದೂ ಹೋಗುತ್ತ ಹೋಗುತ್ತ.

ಇಂಥ ನನ್ನನ್ನು ಮಗಳು ಸುಧಾ ಶ್ರೀಲಂಕೆಯ ಪುರಾತನ ಸ್ಥಳಗಳನ್ನು ನೋಡಿ ಬಾ ಎಂದು ಕಳಿಸಿದಳು. ಒಬ್ಬನನ್ನೇ ಅಲ್ಲ. ನಾನು, ನನ್ನಾಕೆ ಸರೋಜಾ, ರಾಮದುರ್ಗದ ಬೀಗರಾದ ಚನ್ನಬಸಪ್ಪನವರು, ಅವರ ಹೆಂಡತಿ ನೀಲಮ್ಮ, ಹೀಗೆ ನಾಲ್ವರನ್ನು. ಧಾರವಾಡದ ಕಡೆಯ ಒಂದು ಕಂಪನಿ ಹಿರಿಯರಿಗೆಂದೇ ಏರ್ಪಡಿಸುವ ಪ್ರವಾಸವಂತೆ. ಓಟವಿಲ್ಲ, ಅವಸರವಿಲ್ಲ, ಒಂದು ಸ್ಥಳವನ್ನು ಮನಸಾರೆ ನೋಡಿ ಮುಗಿಸಿದ ಮೇಲೆಯೇ ಇನ್ನೊಂದು ಎಂದು ಅವರ ಜಾಹೀರಾತಿನಲ್ಲಿತ್ತು. ಅದನ್ನು ಓದುವಾಗಲೇ ನನಗೆ ಕಾಲಿನಲ್ಲಿ ಇರುವೆ ಹರಿದಂತಾಯಿತು. ಆದರೆ ಒಲ್ಲೆ ಎನ್ನಲಾಗಲಿಲ್ಲ, ಏಕೆಂದರೆ ಇದರ ಹಿಂದೆ ಸುಧಾಳ ಕೆಲಸವೊಂದಿತ್ತು.

ಬೀಗರಿಗೆ ರಾಮದುರ್ಗದ ಪೇಟೆಯಲ್ಲಿ ದೊಡ್ಡ ಸೀರೆ ಅಂಗಡಿ. ಸುಧಾ ಬಿ.ಕಾಂ. ಓದಿದವಳು, ನನ್ನ ಅಂಗಡಿಯ ಲೆಕ್ಕವನ್ನು ಮದುವೆಯ ಹಿಂದಿನ ದಿನದವರೆಗೂ ನೋಡಿಕೊಂಡವಳು. ಮಾವನ ಅಂಗಡಿಯಲ್ಲಿ ತಾನೂ ಕೂತು ವ್ಯಾಪಾರ ಮಾಡಬೇಕು, ಸೀರೆಗಳ ಫೋಟೊ ತೆಗೆದು ಫೋನಿನಲ್ಲೇ ಪುಣೆ, ಸೊಲ್ಲಾಪುರದವರಿಗೆ ಮಾರಬೇಕು ಎಂಬುದು ಅವಳ ಆಸೆ. ಗಂಡನನ್ನು ಕೇಳಿದರೆ ಅಪ್ಪನನ್ನು ಕೇಳು ಎಂದ. ಅತ್ತೆಯನ್ನು ಕೇಳಿದರೆ ಅವರೂ ಮಾವನತ್ತ ಬೆರಳು ತೋರಿಸಿದರು. ಮಾವ ಮಾತ್ರ ಬೇಡವೆಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ನೋಡೋಣ ಎಂದರು. ನೋಡುತ್ತ ನೋಡುತ್ತ ವರ್ಷವೇ ಕಳೆದಿತ್ತು. ಮನೆಯಲ್ಲಿ ಕೂತು ಕೂತು ಹುಡುಗಿಯ ಮುಖ ಬಾಡಿದ್ದು ನಮಗೂ ಕಾಣುತ್ತಿತ್ತು. ಹೊರಡುವ ಮೊದಲು ಅವಳು ಬೈಲಹೊಂಗಲಕ್ಕೇ ಬಂದು ನನ್ನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದು ಹೇಳಿದಳು: "ಅಪ್ಪಾ, ಮಾವಾರ ಮನಸು ಆರಾಮ ಇದ್ದಾಗ ನೋಡಿ ಮಾತು ತಗಿ. ನಿನಗ ಕೈ ಮುಗೀತೇನಿ, ಅಲ್ಲಿ ಗಡಿಬಿಡಿ ಮಾಡಬ್ಯಾಡ. ಅವರು ಕುಂತ್ರ ಕುಂದರು, ನಿಂತ್ರ ನಿಲ್ಲು. ಒಂದು ಮಾತು ಹೆಚ್ಚು ಕಡಿಮಿ ಆದ್ರ ನಾ ಆ ಮನ್ಯಾಗ ಹೆಂಗ ಬಾಳೇ ಮಾಡಲಿ?" ಮಗಳ ಕಣ್ಣಲ್ಲಿ ನೀರು ಕಂಡ ಮೇಲೆ ಅಪ್ಪನೆಂಬವನು ಲಂಕೆಗೇನು, ಎಲ್ಲಿಗಾದರೂ ಹೋಗಿಯಾನು.

ಮೊದಲು ಅನುರಾಧಪುರ. ಅದು ಅರಸರು ಆಳಿ, ಕಟ್ಟಿ, ಬಿಟ್ಟುಹೋದ ಹಾಳೂರು. ಆದರೂ ಜೀವಂತ ಊರು. ಮರಗಳ ನಡುವೆ ಗುಡ್ಡದಂಥ ಸ್ತೂಪಗಳು. ನೋಡುವಂಥದ್ದೇ, ಸುಳ್ಳು ಹೇಳಬಾರದು. ಆದರೆ ನೋಡುವ ಕ್ರಮ ಹೀಗಿತ್ತು. ಸ್ಥಳೀಯ ಗೈಡ್ ನಿಮಲ್ ಎಂಬ ಸಂಭಾವಿತರು ಕೊಡೆ ಹಿಡಿದು, ಒಂದೊಂದು ಪದವನ್ನೂ ನೀರಿನಲ್ಲಿ ತೊಳೆದು ಒಣಗಿಸಿದಂತೆ ಇಂಗ್ಲಿಷಿನಲ್ಲಿ ಹೇಳುವರು. ಅದು ಮುಗಿದ ಮೇಲೆ ನಮ್ಮ ಟೂರ್ ಮ್ಯಾನೇಜರ್ ರೇಖಾ ಮೇಡಂ ಅದನ್ನೇ ಕನ್ನಡದಲ್ಲಿ, ಅಷ್ಟೇ ಪ್ರೀತಿಯಿಂದ ಹೇಳುವರು. ಹೀಗೆ ಪ್ರತಿಯೊಬ್ಬ ಅರಸನೂ ನಮ್ಮ ಕಣ್ಣ ಮುಂದೆ ಎರಡು ಸಲ ಪಟ್ಟವೇರಿ ಎರಡು ಸಲ ಸಾಯುತ್ತಿದ್ದ. ಅಷ್ಟಾದರೂ ಮುಂದೆ ನಡೆಯೋಣವೆಂದರೆ ನಮ್ಮ ಬೀಗರು ಕೈಯೆತ್ತಿ, ಆ ಅರಸ ಏನು ಮಾಡಿದ, ಇನ್ನೊಮ್ಮೆ ಹೇಳುತ್ತೀರಾ ಎಂದು ಕೇಳುವರು. ಅರಸ ಮೂರನೆಯ ಸಲ ಸಾಯುವನು.

ಚನ್ನಬಸಪ್ಪನವರನ್ನು ನಾನು ಅಲ್ಲಿಯತನಕ ಮದುವೆ, ಸೀಮಂತಗಳಲ್ಲಿ ರುಮಾಲು ಸುತ್ತಿ ಕೂತಿದ್ದಷ್ಟೇ ನೋಡಿದ್ದೆ. ನಡೆದದ್ದನ್ನು ನೋಡಿರಲಿಲ್ಲ. ಲಂಕೆಯಲ್ಲಿ ನೋಡಿದೆ. ಒಂದು ಹೆಜ್ಜೆ ಇಡುವರು, ನಿಲ್ಲುವರು. ಸುತ್ತ ನೋಡುವರು. ನನ್ನ ಮುಖ ನೋಡುವರು. ಇನ್ನೊಂದು ಹೆಜ್ಜೆ ಇಡುವರು. ಮೆಟ್ಟಿಲುಗಳಿದ್ದಲ್ಲಿ ಕಟ್ಟೆ ಹುಡುಕಿ, "ಬರ್ರಿ ಬೀಗರ, ಒಂದೀಟು ಕುಂದ್ರೂಣು" ಎಂದು ಪಕ್ಕದಲ್ಲಿ ಜಾಗ ಮಾಡುವರು. ಅಲ್ಲಿನ ಮಠಗಳ ಬಾಗಿಲಲ್ಲಿ, ಮೆಟ್ಟಿಲಿನ ಕೆಳಗೆ ಅರ್ಧಚಂದ್ರಾಕಾರದ ಕಲ್ಲು ಇರುತ್ತದೆ. ಅದರಲ್ಲಿ ಆನೆ, ಕುದುರೆ, ಹಂಸಗಳ ಸಾಲು. ಅಂಥದೊಂದು ಕಲ್ಲಿನ ಮುಂದೆ ಬೀಗರು ನಿಂತವರು ನಿಂತೇಬಿಟ್ಟರು. ಹಂಸದ ಸಾಲನ್ನು ಸೀರೆಯ ದಡಿಗೆ ಹಾಕಿದರೆ ಹೇಗೆ, ಆನೆಯನ್ನು ಸೆರಗಿಗೆ ತಂದರೆ ಹೇಗೆ ಎಂದು ನನ್ನೆದುರು ಇಡೀ ಸೀರೆಯನ್ನೇ ನೇಯ್ದು ಮುಗಿಸಿದರು. ನಾನು ಹೌದೌದು ಎನ್ನುತ್ತ, ಚಪ್ಪಲಿಯೊಳಗೆ ಕಾಲ್ಬೆರಳುಗಳನ್ನು ಮಾತ್ರ ಓಡಿಸುತ್ತ ನಿಂತಿದ್ದೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಬಿಳಿಯ ಮಹಾಸ್ತೂಪದಲ್ಲಾಯಿತು. ಅಲ್ಲಿ ಚಪ್ಪಲಿ ಬಿಟ್ಟು, ತಲೆಯ ಮೇಲಿನದನ್ನೂ ತೆಗೆದು ಹೋಗಬೇಕು. ಬೀಗರು ರುಮಾಲು ತೆಗೆದು ಹೆಂಡತಿಯ ಕೈಗೆ ಕೊಟ್ಟರು. ನಡುಮಧ್ಯಾಹ್ನದ ಬಿಸಿಲಿಗೆ ಹಾಸುಗಲ್ಲು ರೊಟ್ಟಿಯ ಹಂಚಿನಂತೆ ಕಾದಿತ್ತು. ಬುದ್ಧಿಯಿದ್ದವರೆಲ್ಲ ಕುಪ್ಪಳಿಸುತ್ತ ಓಡಿ ನೆರಳು ಸೇರಿದರು. ನಮ್ಮ ಹೆಂಗಸರಂತೂ ಸೆರಗು ಸಿಕ್ಕಿಸಿಕೊಂಡು ಹುಡುಗಿಯರ ಹಾಗೆ ನಗುತ್ತ ಓಡಿದರು. ಬೀಗರು ಮಾತ್ರ ಪಲ್ಲಕ್ಕಿಯ ಮುಂದೆ ನಡೆಯುವವರಂತೆ ನಿಧಾನವಾಗಿ ಪ್ರದಕ್ಷಿಣೆಗೆ ಹೊರಟರು. ನಾನೂ ಹೊರಟೆ. ಅವರ ಮನಸ್ಸು ಈಗ ದೇವರ ಸನ್ನಿಧಿಯಲ್ಲಿ ಆರಾಮವಾಗಿದ್ದೀತು, ಸುಧಾಳ ಮಾತು ತೆಗೆಯಲು ಇದೇ ಹೊತ್ತು ಎಂದುಕೊಂಡು ಬಾಯಿ ತೆರೆದೆ. ಅಂಗಾಲಿನ ಉರಿ ನೆತ್ತಿಗೇರಿ, ಬಾಯಿಂದ ಮಗಳ ಹೆಸರಿನ ಬದಲು ಶಿವನ ಹೆಸರು ಬಂತು. ಬೀಗರು ನಿಂತು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇನ್ನೂ ಸಾವಕಾಶ ನಡೆಯೋಣ ಎಂದರು.

ಹೀಗೇ ಊಟದ ಹೊತ್ತಿನಲ್ಲಿ ಒಮ್ಮೆ, ಅಲ್ಲಿನ ಹಳೆಯ ಜೋಡಿ ಹೊಂಡದ ಕಟ್ಟೆಯ ಮೇಲೆ ಇನ್ನೊಮ್ಮೆ ಮಾತು ತೆಗೆಯಲು ಹೋದೆ. "ಬೀಗರ, ಒಂದು ಮಾತು ಕೇಳಬೇಕಾಗಿತ್ತು" ಎಂದು ಶುರು ಮಾಡಿದರೆ ಸಾಕು, ಅವರು ಗಾಬರಿಯಾಗಿ, ಮೊದಲು ನೀರು ಕುಡಿಯಿರಿ, ಮಾತು ಎಲ್ಲಿಗೆ ಓಡಿಹೋಗುತ್ತದೆ ಎನ್ನುವರು. ಇವರಿಗೆ ವಿಷಯ ಗೊತ್ತಾಗಿದೆ, ಬೇಕೆಂದೇ ತಪ್ಪಿಸುತ್ತಿದ್ದಾರೆ ಎಂದು ನನಗೆ ಅನುಮಾನ ಬಂತು. ಅನುಮಾನ ಬಂದ ಮೇಲೆ ನಿದ್ದೆ ಹೋಯಿತು. ಸುಧಾ ದಿನಾ ಫೋನ್ ಮಾಡಿ, ಮಾತು ತೆಗೆದೆಯಾ ಎಂದು ಕೇಳುವಳು. ಇನ್ನೂ ಒಂದು ಊರು ನೋಡುವುದಿದೆ ಎಂದು ನಾನು ಹೇಳುವೆ. ಅವಳು ಸುಮ್ಮನಾಗುವಳು. ಆ ಸುಮ್ಮನಾಗುವಿಕೆ ನನ್ನನ್ನು ಕೂರಗೊಡಲಿಲ್ಲ, ನಿಲ್ಲಗೊಡಲಿಲ್ಲ. ಹೋಟೆಲಿನ ವರಾಂಡದಲ್ಲಿ ನಾನು ಹಿಂದೆ ಮುಂದೆ ನಡೆದದ್ದನ್ನು ಒಟ್ಟು ಮಾಡಿದ್ದರೆ ರಾಮದುರ್ಗಕ್ಕೇ ಹೋಗಿ ಸುಧಾಳನ್ನು ಕಂಡು ಬರಬಹುದಿತ್ತು.

ಪೊಲೊನ್ನರುವದಲ್ಲಿ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಅಲ್ಲಿ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ದೊಡ್ಡ ಬುದ್ಧನ ಮೂರ್ತಿಗಳಿವೆ. ಒಂದು ಮಲಗಿದೆ, ಅದರ ಪಕ್ಕದಲ್ಲಿ ಒಂದು ಕೈಕಟ್ಟಿಕೊಂಡು ನಿಂತಿದೆ. ನಿಂತಿರುವುದು ಬುದ್ಧನೋ ಅವನ ಶಿಷ್ಯ ಆನಂದನೋ ಎಂಬ ಬಗ್ಗೆ ಬಲ್ಲವರಲ್ಲಿ ಜಗಳವಿದೆಯಂತೆ. ನಿಮಲ್ ಒಂದು ಪಕ್ಷದ ವಾದ ಹೇಳಿದರು. ರೇಖಾ ಮೇಡಂ ಅದನ್ನು ಕನ್ನಡಕ್ಕೆ ತಂದರು. ನಿಮಲ್ ಇನ್ನೊಂದು ಪಕ್ಷಕ್ಕೆ ಬಂದರು. ಮೇಡಂ ಅದಕ್ಕೂ ಬಂದರು. ಎಲ್ಲರೂ ಮರದ ನೆರಳಲ್ಲಿ ಕೂತು ಕೇಳುತ್ತಿದ್ದರು. ಆಗ ನಮ್ಮ ಬೀಗರು ಕೈಯೆತ್ತಿ, ಮೊದಲನೆಯ ಪಕ್ಷದವರು ಏನೆನ್ನುತ್ತಾರೆ, ಮತ್ತೊಮ್ಮೆ ಹೇಳಿ ಎಂದರು.

ಆಮೇಲೆ ಏನಾಯಿತೆಂದು ನನಗೂ ಸರಿಯಾಗಿ ತಿಳಿಯದು. ನಾನು ಎದ್ದು ನಿಂತಿದ್ದೆ. ಅಂಗಡಿಯಲ್ಲಿ ಮೋಟಾರಿನ ಸದ್ದಿನ ಮೇಲೆ ಕೂಗುವ ದನಿ ತಾನಾಗಿ ಬಂದುಬಿಟ್ಟಿತು. "ಬೀಗರ, ಅಂವ ಬುದ್ಧ ಇರಲಿ, ಆನಂದ ಇರಲಿ. ನನ್ನ ಮಗಳು ನಿಮ್ಮ ಅಂಗಡ್ಯಾಗ ಕುಂದರತೇನಿ ಅಂತಾಳ. ಹೂಂ ಅಂತೀರೋ ಇಲ್ಲೋ, ಅಷ್ಟು ಹೇಳಿಬಿಡ್ರಿ."

ಮೇಡಂ ಬಾಯಿ ತೆರೆದಂತೆಯೇ ನಿಂತರು. ನಿಮಲ್ ಅವರು ಮೇಡಂ ಕಡೆ ತಿರುಗಿ ನಾನು ಹೇಳಿದ್ದರ ಅರ್ಥವನ್ನು ಇಂಗ್ಲಿಷಿನಲ್ಲಿ ಕೇಳಿದರು. ಇಡೀ ಗುಂಪು ಮಲಗಿದ ಬುದ್ಧನನ್ನು ಬಿಟ್ಟು ನಿಂತ ನನ್ನನ್ನು ನೋಡಿತು. ಚನ್ನಬಸಪ್ಪನವರು ಮೆಲ್ಲಗೆ ಎದ್ದು, ಧೋತರ ಕೊಡವಿಕೊಂಡು, ಬಸ್ಸಿನ ಕಡೆಗೆ ನಡೆದರು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ಆಗಲೇ ಮೊದಲು ಕಂಡದ್ದು. ನನ್ನಾಕೆ ನನ್ನ ಪಕ್ಕಕ್ಕೆ ಬಂದು, ಬೈಯಲೂ ಇಲ್ಲ, "ಆತಲ್ಲ, ಇನ್ನ ಆರಾಮ ಕುಂದರ್ರಿ" ಎಂದಷ್ಟೇ ಹೇಳಿ ನೀಲಮ್ಮನವರ ಕಡೆ ಹೋದಳು. ನಾನು ಕೂತೆ. ನಿಜ ಹೇಳುತ್ತೇನೆ, ಆ ಪ್ರವಾಸದಲ್ಲಿ ನಾನು ಅಲುಗಾಡದೆ ಕೂತದ್ದು ಅದೊಂದೇ ಸಲ. ಕಣ್ಣ ಮುಂದೆ ಕಲ್ಲು ಕಾಣುತ್ತಿರಲಿಲ್ಲ. ರಾಮದುರ್ಗದ ಮನೆಯ ಅಡುಗೆಮನೆಯಲ್ಲಿ ಕಿಟಕಿಯ ಹತ್ತಿರ ನಿಂತ ಸುಧಾ ಕಾಣುತ್ತಿದ್ದಳು. ಮಗಳು ಕೈಮುಗಿದು ಬೇಡಿದ್ದನ್ನು ಒಂದು ಉಸಿರಿನಲ್ಲಿ ಹಾಳು ಮಾಡಿದ್ದೆ.

ಸಂಜೆ ನಮ್ಮನ್ನು ಅಲ್ಲಿನ ದೊಡ್ಡ ಕೆರೆಗೆ ಕರೆದೊಯ್ದರು. ಹಳೆಯ ಅರಸನೊಬ್ಬ ಕಟ್ಟಿಸಿದ್ದಂತೆ. ಸಮುದ್ರವೆಂದೇ ಅದರ ಹೆಸರು. ಏರಿಯ ಮೇಲೆ ಗಾಳಿ ತಂಪಾಗಿತ್ತು. ನಾನು ಗುಂಪಿನಿಂದ ದೂರ, ಒಬ್ಬನೇ ನೀರು ನೋಡುತ್ತ ನಿಂತಿದ್ದೆ. ಚನ್ನಬಸಪ್ಪನವರು ಬಂದು ಪಕ್ಕದಲ್ಲಿ ನಿಂತರು. ಅವರೇ ಮಾತು ತೆಗೆದರು.

"ಬೀಗರ, ಅಷ್ಟು ಮಂದಿ ಮುಂದ ಮನಿ ಮಾತಿಗೆ ಜವಾಬು ಕೊಡೂದು ಛಲೋ ಅಲ್ಲ ಅಂತ ಎದ್ದು ಬಂದೆ. ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮಗಳು ಕೇಳಿದ ದಿನಾನ ನಾ ಹೂಂ ಅನ್ನಾಂವ ಇದ್ದೆ. ನನ್ನ ಮಗಗಿಂತ ಆಕೀಗೆ ವ್ಯಾಪಾರ ಹೆಚ್ಚು ತಿಳೀತೈತಿ. ಆದ್ರ ನಿಮ್ಮ ಕಡಿಂದ ಮಾತು ಬರಲಿಲ್ಲ. ಸೊಸಿನ್ನ ಅಂಗಡ್ಯಾಗ ಕುಂದರಿಸಿ ದುಡಸಾಕತ್ತಾರ ಅಂತ ನಾಳೆ ನೀವು ಮನಸಿಗೆ ಹಚ್ಚಿಕೊಂಡ್ರ? ಅದಕ್ಕ ನೀವಾಗೇ ಬಾಯಿ ಬಿಡಲಿ ಅಂತ ಕಾಯಾಕತ್ತಿದ್ದೆ."

ನಾನು ಅವರ ಬಾಯಿಗಾಗಿ, ಅವರು ನನ್ನ ಬಾಯಿಗಾಗಿ ಒಂದು ವರ್ಷ ಕಾದಿದ್ದೆವು. ನಡುವೆ ಕೂತು ಹುಡುಗಿ ಬಾಡಿದ್ದಳು. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅವರ ಎರಡೂ ಕೈ ಹಿಡಿದುಕೊಂಡೆ. ಹಾಗಾದರೆ ಈ ಮಾತನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ, ನಾನು ಬಾಯಿ ತೆರೆದಾಗಲೆಲ್ಲ ನೀರು ಕುಡಿಸಿ ಸುಮ್ಮನಾಗಿಸಿದಿರಲ್ಲ ಎಂದೆ. ಅವರು ಸಂಕೋಚದಿಂದ ಸುತ್ತ ನೋಡಿ, ದನಿ ತಗ್ಗಿಸಿ ನನ್ನ ಎದೆ ಈಗ ಹೇಗಿದೆ ಎಂದು ಕೇಳಿದರು.

ಯಾವ ಎದೆ? ವಿಚಾರಿಸಿದಾಗ ತಿಳಿಯಿತು. ಹಿಂದಿನ ಬೇಸಗೆಯಲ್ಲಿ ಮಿರ್ಚಿ ಭಜಿ ಹೆಚ್ಚು ತಿಂದು ಎದೆ ಹಿಡಿದಂತಾಗಿ ನಾನು ಬೆಳಗಾವಿಗೆ ಹೋಗಿ ತೋರಿಸಿಕೊಂಡು ಬಂದಿದ್ದೆ. ವೈದ್ಯರು ವಾಯು ಎಂದು ಹೇಳಿ ಕಳಿಸಿದ್ದರು. ಸುಧಾ ಮಾತ್ರ ಅದನ್ನು ನಂಬದೆ, ಅಪ್ಪನ ಹೃದಯ ಗಟ್ಟಿಯಿಲ್ಲ, ಅವನನ್ನು ಬೇಗ ನಡೆಸಬೇಡಿ, ಉದ್ವೇಗದ ಮಾತು ಆಡಲು ಬಿಡಬೇಡಿ ಎಂದು ಮಾವನಿಂದ ಭಾಷೆ ತೆಗೆದುಕೊಂಡು ಕಳಿಸಿದ್ದಳು. ಬೀಗರು ಆ ಭಾಷೆಯನ್ನು ಅಕ್ಷರಶಃ ಪಾಲಿಸಿದ್ದರು.

"ನನಗ ಆ ಕಲ್ಲಿನ್ಯಾಗ ಏನ ತಿಳೀತೈತ್ರಿ? ನೀವು ದಮ್ಮು ತಗೊಳ್ಳಲಿ ಅಂತ ದಡಿ, ಸೆರಗು ಅಂತ ಮಾತು ಬೆಳಸಿದೆ. ಆ ಬಿಳೀ ಗುಡೀ ಸುತ್ತ ನಡದಾಗ ನನ್ನ ಅಂಗಾಲು ಹಪ್ಪಳ ಆದ್ವು. ನಿಮ್ಮನ್ನ ಬಿಟ್ಟು ಹೆಂಗ ಓಡಲಿ?"

ಇಬ್ಬರೂ ಏರಿಯ ಮೇಲೆ ನಿಂತು ನಕ್ಕದ್ದನ್ನು ಕಂಡು ನಮ್ಮ ಹೆಂಗಸರು ಬಂದರು. ಅಲ್ಲಿಂದಲೇ ಸುಧಾಳಿಗೆ ಫೋನ್ ಮಾಡಿದೆವು. ಬೀಗರು ಫೋನ್ ಹಿಡಿದು, ಊರಿಗೆ ಬಂದ ಮೇಲೆ ಸೋಮವಾರ ಪೂಜೆ ಮಾಡಿ ಅಂಗಡಿಯ ಗಾದಿಯ ಮೇಲೆ ಕೂತುಕೋ ತಾಯಿ ಎಂದರು. ಆ ಕಡೆಯಿಂದ ಅಳುವ ಸದ್ದು ಕೇಳಿಸಿತು. ನೀಲಮ್ಮ ಫೋನ್ ಕಸಿದುಕೊಂಡು, ಅಳಬೇಡ ಎಂದು ಹೇಳುತ್ತ ತಾವೇ ಅತ್ತರು. ನನ್ನ ಎದೆಯಲ್ಲಿ ವಾಯುವೂ ಇಲ್ಲ, ಏನೂ ಇಲ್ಲ, ಲಂಕೆಯನ್ನು ಒಂದೇ ಉಸಿರಿನಲ್ಲಿ ಓಡಿಬರುವ ಗಂಡು ನಾನು ಎಂದು ನಾನು ಬೀಗರಿಗೆ ಎದೆ ತಟ್ಟಿ ಹೇಳಿದೆ. ಅವರ ಮುಖ ಅರಳಿತು. ಆ ಮಾತಿಗೆ ಮೊದಲೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು.

ಮರುದಿನ ಸಿಗಿರಿಯ. ಬಯಲಿನ ನಡುವೆ ಒಂದೇ ಒಂದು ಬಂಡೆ ಆಕಾಶಕ್ಕೆ ನಿಂತಿದೆ. ಅದರ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡ ಅರಸನೊಬ್ಬನಿದ್ದನಂತೆ. ನಿಮಲ್ ಆ ಅರಸನ ತಂದೆಯ ಕಥೆ ಆರಂಭಿಸುತ್ತಿದ್ದಂತೆಯೇ ಬೀಗರು ನನ್ನ ತೋಳು ಹಿಡಿದು, "ನಡೀರಿ ಬೀಗರ, ಇವರು ಹಿಂದಿಂದ ಬರಲಿ" ಎಂದರು. ಧೋತರ ಎತ್ತಿ ಕಟ್ಟಿದರು. ಆಮೇಲೆ ನಾನು ಕಂಡದ್ದು ಅವರ ಹಿಮ್ಮಡಿಗಳನ್ನು ಮಾತ್ರ. ಮೊದಲ ಮೆಟ್ಟಿಲುಗಳನ್ನು ನಾನೂ ಉತ್ಸಾಹದಿಂದಲೇ ಏರಿದೆ. ಹಲವು ದಿನದ ಬಂಧನ ಕಳಚಿದ ಸಂತೋಷ ಅದು. ಆದರೆ ಮೆಟ್ಟಿಲು ಮುಗಿಯಲಿಲ್ಲ. ನಾನು ಜೀವಮಾನವಿಡೀ ಅವಸರ ಮಾಡಿದ್ದೆಲ್ಲ ಸಮತಟ್ಟಾದ ನೆಲದ ಮೇಲೆ, ಬಹುಪಾಲು ಸ್ಕೂಟರ್ ಮೇಲೆ ಎಂಬುದು ನನಗೆ ಅಲ್ಲಿ ಹೊಳೆಯಿತು. ಮೊಣಕಾಲು ಹಿಡಿದುಕೊಂಡವು, ಕಿವಿಯಲ್ಲಿ ನನ್ನದೇ ಅಂಗಡಿಯ ಮೋಟಾರು ತಿರುಗತೊಡಗಿತು. ಬೀಗರು ಮೇಲಿನಿಂದ ಬಗ್ಗಿ ನೋಡಿ, ಬನ್ನಿ ಬನ್ನಿ ಎಂದು ಕೈ ಬೀಸುತ್ತಿದ್ದರು. ನಿನ್ನೆಯಷ್ಟೇ ಎದೆ ತಟ್ಟಿಕೊಂಡವನು ಇಂದು ಎದೆ ಹಿಡಿದುಕೊಂಡು ಕೂರುವುದು ಹೇಗೆ?

ಹೇಗೋ ನಡುವಿನ ಬಯಲನ್ನು ತಲುಪಿದೆ. ಅಲ್ಲಿಂದ ಮೇಲೆ ಹೋಗುವ ಕಬ್ಬಿಣದ ಮೆಟ್ಟಿಲಿನ ಎರಡೂ ಬದಿ ಕಲ್ಲಿನ ದೊಡ್ಡ ಸಿಂಹದ ಪಂಜಗಳಿವೆ. ಬೀಗರು ಆಗಲೇ ಅವುಗಳ ನಡುವೆ ಹಾದು ಮೇಲೇರುತ್ತಿದ್ದರು. ನಾನು ಬಲಗಡೆಯ ಪಂಜದ ಮುಂದೆ ಕೂತುಬಿಟ್ಟೆ. ಅವರು ಯಾಕೆ ಎಂದು ಕೂಗಿ ಕೇಳಿದರು. ಇದ್ದಬದ್ದ ಉಸಿರು ಒಟ್ಟುಗೂಡಿಸಿ ಹೇಳಿದೆ: "ಏನಿಲ್ರಿ. ಈ ಉಗುರು ಬಾಳ ಛಲೋ ಕಡದಾರ. ನೋಡಿ ಬರತೇನಿ." ಅವರು ಹೋಗಿ, ಅರಮನೆ ನೋಡಿ, ತಿರುಗಿ ಬರುವವರೆಗೂ ನಾನು ಅದೇ ಉಗುರನ್ನು ನೋಡುತ್ತಿದ್ದೆ. ಕೆಳಗಿನಿಂದ ನಿಮಲ್ ಮತ್ತು ಮೇಡಂ ಹೆಂಗಸರ ಗುಂಪನ್ನು ಕರೆದುಕೊಂಡು ನಗುತ್ತ, ಬೆವರದೆ ಬಂದು ಸೇರಿದರು. ನನ್ನಾಕೆ ನನ್ನನ್ನು ಒಮ್ಮೆ ನೋಡಿ, ಚೀಲದಿಂದ ನೀರಿನ ಬಾಟಲಿ ತೆಗೆದಳು.

ಊರಿಗೆ ಬಂದು ತಿಂಗಳಾಯಿತು. ಸುಧಾ ಗಾದಿಯ ಮೇಲೆ ಕೂತಿದ್ದಾಳೆ. ಪುಣೆಗೆ ಸೀರೆ ಹೋಗುತ್ತಿವೆ, ಮುಖದಲ್ಲಿ ಮೊದಲಿನ ಕಳೆ ಬಂದಿದೆ ಎಂದು ನೋಡಿ ಬಂದವರು ಹೇಳಿದರು. ನಿನ್ನೆ ಅವಳ ಫೋನ್ ಬಂದಾಗ ನಾನು ಮಂಚದ ಮೇಲೆ ಕಾಲು ಚಾಚಿ ಕೂತಿದ್ದೆ. ಸರೋಜಾ ನನ್ನ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು.

"ಅಪ್ಪಾ, ಮಾವಾರು ಅಂಗಡಿಗೆ ಬಂದವರ ಮುಂದೆಲ್ಲ ನಿನ್ನ ಸುದ್ದೀನ ಹೇಳತಾರ. ನಮ್ಮ ಬೀಗರಂಥಾ ಸಮಾಧಾನದ ಮನಷ್ಯಾನ್ನ ನೋಡಿಲ್ಲ, ಕಲ್ಲಿನ ಒಂದು ಉಗುರು ನೋಡಾಕ ತಾಸಗಟ್ಲೆ ಕುಂತಿದ್ರು ಅಂತ. ಖರೆ ಹೇಳು, ಲಂಕಾಕ್ಕ ಹೋಗಿದ್ದು ನೀನ ಹೌದಲ್ಲ?"

ವಯಸ್ಸಾದ ಮೇಲೆ ಮನುಷ್ಯ ಮಾಗುತ್ತಾನೆ ಮಗಳೇ ಎಂಬರ್ಥದ ಏನೋ ಒಂದು ಮಾತು ಹೇಳಿದೆ. ಅವಳು ನಂಬಿದಳೋ ಇಲ್ಲವೋ, ಮಾವನ ಮಾತು ಕೇಳಿ ನನ್ನ ಎದೆಯ ಚಿಂತೆ ಬಿಟ್ಟವಳಂತೆ ಖುಷಿಯಿಂದ ಮುಂದುವರಿಸಿದಳು. ಮಾವ ಪ್ರತಿವರ್ಷ ರಾಮದುರ್ಗದಿಂದ ಯಲ್ಲಮ್ಮನ ಗುಡ್ಡಕ್ಕೆ ಹತ್ತಾರು ಮೈಲಿ ನಡೆದುಕೊಂಡೇ ಹೋಗುತ್ತಾರಂತೆ. ಈ ಹುಣ್ಣಿಮೆಗೂ ಹೊರಟಿದ್ದಾರಂತೆ. ಬೀಗರ ಎದೆ ಕಬ್ಬಿಣದಂತಿದೆ, ಈ ಸಲ ಅವರೂ ಜೊತೆಗೆ ಬರಲಿ ಎಂದು ಹೇಳಿ ಕಳಿಸಿದ್ದಾರಂತೆ.

ಬರುತ್ತೇನೆಂದು ಹೇಳು ಎಂದುಬಿಟ್ಟೆ. ಇನ್ನೇನು ಹೇಳಲಿ? ಫೋನ್ ಇಟ್ಟು ತಿರುಗಿದರೆ ಸರೋಜಾ ತಿಕ್ಕುವುದನ್ನು ನಿಲ್ಲಿಸಿದ್ದಳು. ಎಣ್ಣೆಯ ಬಟ್ಟಲನ್ನು ನನ್ನ ಕೈಯಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಒಳಗೆ ಎದ್ದು ಹೋದಳು.